ಮದುವೆ ಸೀರೆನಾ, ಲೆಹೆಂಗಾನಾ, ಗೌನಾ? ಹಾಕೋದು ಬಿಡಿ, ಬಿಚ್ಚೋದು ಯಾವುದು ಸುಲಭ ಅಂತ ನೋಡೋಣ

ರಾತ್ರಿ 11.45. ರಿಸೆಪ್ಷನ್ ಮುಗಿದು ಅಡುಗೆಯೋರು ಪಾತ್ರೆ ತೊಳೀತಾ ಇದಾರೆ, ಬೆಳಗ್ಗೆ 6.10ಕ್ಕೆ ಮುಹೂರ್ತ, ನಾಲ್ಕಕ್ಕೆಲ್ಲ ಏಳ್ಬೇಕು, ನಮ್ಮ ಚಿಕ್ಕಪ್ಪನ ಮಗಳು ನೋಡಿದ್ರೆ ಹೆಣ್ಣಿನ ರೂಮಲ್ಲಿ ನಿಂತ್ಕೊಂಡೇ ಅಳ್ತಾ ಇದಾಳೆ. ಲೆಹೆಂಗಾ ಸೈಡ್ ಜಿಪ್ಪು ಅರ್ಧಕ್ಕೆ ಬಂದು ಒಳಗಿನ ನೆಟ್ ಕಚ್ಕೊಂಡು ಕೂತ್ಬಿಟ್ಟಿದೆ, ಮೇಲಕ್ಕೂ ಹೋಗಲ್ಲ ಕೆಳಕ್ಕೂ ಬರಲ್ಲ. ಸೋದರತ್ತೆ ಒಬ್ರು ಆಗ್ಲೇ ಕತ್ತರಿ ಹುಡುಕ್ತಾ ಇದ್ರು. ಕೊನೆಗೆ ಮುಯ್ಯಿ ಬರ್ಕೊಳ್ತಿದ್ದ ಮಾವನ ಹತ್ರ ಒಂದು ಪೆನ್ಸಿಲ್ ಸಿಕ್ತು. ಅದರ ಸೀಸ ಜಿಪ್ಪಿನ ಹಲ್ಲಿಗೆ ಎರಡೂ ಕಡೆ ಉಜ್ಜಿ, ಕೆಳಗೆ ಜಗ್ಗೋ ಬದ್ಲು ಮೊದ್ಲು ಒಂಚೂರು ಮೇಲಕ್ಕೆ ದೂಡಿ, ಕಚ್ಕೊಂಡಿದ್ದ ನೆಟ್ಟನ್ನ ಒಳಗಿಂದ ಉಗುರಲ್ಲಿ ಪಕ್ಕಕ್ಕೆ ಎಳ್ಕೊಂಡು ಎಳ್ಕೊಂಡು ಬಿಡಿಸಿದ್ವಿ. ನಲವತ್ತು ನಿಮಿಷ ಹಿಡೀತು.

ಆ ಲೆಹೆಂಗಾ ತಗೊಳೋವಾಗ ನಾನೂ ಅಂಗಡೀಲಿ ಇದ್ದೆ, ಅದೇ ಬೇಜಾರು. ಬಣ್ಣ ನೋಡಿದ್ವಿ, ಘೇರು, ಅಂದ್ರೆ ಕೆಳಗಿನ ಸುತ್ತಳತೆ ನೋಡಿದ್ವಿ, ಫೋಟೋಗೆ ಹೆಂಗೆ ಬರುತ್ತೆ ಅಂತ ಲೈಟ್ ಕೆಳಗೆ ಹಿಡಿದು ನೋಡಿದ್ವಿ, ಇದನ್ನ ಬಿಚ್ಚೋದು ಹೆಂಗೆ ಅಂತ ಒಬ್ರೂ ಕೇಳ್ಲಿಲ್ಲ. ನಾನು ಮೈಸೂರಲ್ಲಿ ಮದುವೆ ಹೆಣ್ಣುಗಳಿಗೆ ಸೀರೆ ಉಡಿಸೋ ಕೆಲಸ ಮಾಡ್ತೀನಿ, ಸುಮಾರು ವರ್ಷ ಆಯ್ತು. ನನ್ನ ಕಣ್ಣೆದುರು ಹಾಳಾಗಿರೋ ಬಟ್ಟೆಗಳಲ್ಲಿ ಹೆಚ್ಚಿನವು ಬಿಚ್ಚೋವಾಗ ಹಾಳಾಗಿರೋದೇ. ಹಾಕೋವಾಗ ಮೂರು ಜನ ಇರ್ತಾರೆ, ಕನ್ನಡಿ ಇರುತ್ತೆ, ತಾಳ್ಮೆ ಇರುತ್ತೆ. ಬಿಚ್ಚೋವಾಗ ಕಣ್ಣಲ್ಲಿ ನಿದ್ದೆ, ಪಕ್ಕದಲ್ಲಿ ಇನ್ನೊಬ್ಳು ತೂಕಡಿಸ್ತಾ ಇರೋ ತಂಗಿ, ಅಷ್ಟೇ.

ಅದಕ್ಕೆ ನಾನು ಹೋಲಿಸೋದು ಮೂರೇ ವಿಷಯದಲ್ಲಿ. ತಲೆ ಮೇಲಿಂದ ಹಾಕ್ಬೇಕಾ, ಕಾಲಿಂದ ಏರಿಸ್ಬೇಕಾ, ಸುತ್ತೋದಾ? ಬಿಚ್ಚೋಕೆ ಎಷ್ಟು ಜನ ಬೇಕು? ಮಧ್ಯದಲ್ಲಿ ಬಾತ್‌ರೂಮಿಗೆ ಹೋಗ್ಬೇಕು ಅಂದ್ರೆ ಏನು ಕಥೆ? ಮೂರನೇದನ್ನ ಕೇಳೋಕೆ ನಾಚ್ಕೊಂಡು ಬೆಳಗ್ಗಿಂದ ನೀರೇ ಕುಡೀದೆ ಕೂತು ಧಾರೆ ಹೊತ್ತಿಗೆ ತಲೆ ಸುತ್ತಿದ ಹುಡುಗೀರನ್ನ ನೋಡಿದೀನಿ, ಆದ್ರಿಂದ ಅದನ್ನೂ ಲೆಕ್ಕಕ್ಕೆ ಹಿಡೀಲೇಬೇಕು.

ಮೊದ್ಲು ಧಾರೆ ಸೀರೆ

ಸೀರೆಲಿ ನಾಲ್ಕು ದಾರಿ ಇದೆ. ಮಾಮೂಲಿ ಹಾಗೆ ಅಲ್ಲೇ ಉಡಿಸೋದು, ಹಿಂದಿನ ದಿನಾನೇ ನೆರಿಗೆ ಹಿಡಿದು ಇಸ್ತ್ರಿ ಮಾಡಿ ಬಾಕ್ಸ್ ಫೋಲ್ಡಿಂಗ್ ಮಾಡಿಟ್ಕೊಳೋದು, ಹೊಲಿಸಿರೋ ರೆಡಿ ಸೀರೆ, ಆಮೇಲೆ ಹದಿನೆಂಟು ಮೊಳದ ಕಚ್ಚೆ ಸೀರೆ.

ಅಲ್ಲೇ ಉಡಿಸೋದು ಸೀರೆಗೆ ಒಳ್ಳೇದು, ಮನುಷ್ಯರಿಗೆ ಕಷ್ಟ. ಕಂಚಿ ಸೀರೆ ದಪ್ಪ ಅಂಚಿದ್ರೆ ಒಂದು ಕೆಜಿ ಹತ್ರ ತೂಗೋದೂ ಇದೆ, ಹೊಸದಾಗಿದ್ರೆ ಪೇಪರ್ ಥರ ನಿಲ್ಲುತ್ತೆ, ಹೇಳಿದ ಮಾತು ಕೇಳಲ್ಲ, ಬೆಳಗಿನ ಜಾವ ಒಂದೇ ಟ್ಯೂಬ್‌ಲೈಟ್ ಇರೋ ಚೌಟ್ರಿ ರೂಮಲ್ಲಿ ನೆರಿಗೆ ಸಮ ಮಾಡೋಕೆ ಇಪ್ಪತ್ತು ಇಪ್ಪತ್ತೈದು ನಿಮಿಷ ಬೇಕೇ ಬೇಕು. ಆದ್ರೆ ಒಂದ್ಸಲ ಕೂತ್ಮೇಲೆ ಹತ್ತು ಹನ್ನೆರಡು ಪಿನ್ನಲ್ಲಿ ಮುಗಿಯುತ್ತೆ, ದಪ್ಪ ಬಟ್ಟೆ ತಾನಾಗೇ ನಿಲ್ಲುತ್ತಲ್ಲ. ಮೈಸೂರು ಸಿಲ್ಕ್ ಇದಕ್ಕೆ ಪೂರ್ತಿ ಉಲ್ಟಾ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶುರು ಮಾಡಿಸಿದ ನಮ್ಮೂರ ಫ್ಯಾಕ್ಟರಿ ಸೀರೆ, ಕ್ರೇಪು, ಮೈಮೇಲೆ ನೀರಿನ ಥರ ಇಳಿಯುತ್ತೆ, ಉಡೋಕೆ ಐದು ನಿಮಿಷ ಸಾಕು, ಆದ್ರೆ ಜಾರುತ್ತೆ ಅಂತ ಭಯಕ್ಕೆ ಮೇಕಪ್‌ನೋರು ಕಂಡ ಕಂಡಲ್ಲಿ ಪಿನ್ ಹೊಡೀತಾರೆ, ಅಂಥ ತೆಳು ಬಟ್ಟೇಲಿ ಆ ತೂತು ಎದ್ದು ಕಾಣುತ್ತೆ. ಇಳಕಲ್ ಸೀರೆ ಉಡೋ ಕಡೆಯೋರಿಗೆ ಇನ್ನೊಂದು ಮಾತು: ಒಡಲು ಸೆರಗು ಸೇರೋ ಕಡೆ ಹಾಸಿನ ಎಳೆಗಳನ್ನ ಕುಣಿಕೆ ಹಾಕಿ ಜೋಡಿಸಿರ್ತಾರೆ, ಟೋಪ್ ತೆನಿ ಅಂತಾರಲ್ಲ ಅದು, ಆ ಜಾಗದಲ್ಲಿ ಪಿನ್ ಚುಚ್ಚಿ ಜಗ್ಗಬೇಡಿ.

ಬಾಕ್ಸ್ ಫೋಲ್ಡಿಂಗ್ ಈಗ ಎಲ್ರೂ ಮಾಡಿಸ್ತಾರೆ, ನಾನೂ ಮಾಡ್ಕೊಡ್ತೀನಿ, ಬೆಳಗ್ಗೆ ಏಳೆಂಟು ನಿಮಿಷದಲ್ಲಿ ಹೆಣ್ಣು ರೆಡಿ. ಹಾಗಂತ ಹದಿನೈದು ದಿನ ಮುಂಚೆನೇ ಮಡಿಸಿಟ್ರೆ ರೇಷ್ಮೆ ಆ ಮಡಿಕೆಲೇ ಸೋತು ಹೋಗುತ್ತೆ, ಹಿಂದಿನ ದಿನ ಇಲ್ಲ ಅದರ ಹಿಂದಿನ ದಿನ ಮಾಡಿಸಿದ್ರೆ ಸಾಕು. ಇಸ್ತ್ರಿ ಜರಿಗೆ ನೇರ ತಾಗ್ಬಾರ್ದು, ಮಧ್ಯೆ ತೆಳು ಕಾಟನ್ ಪಂಚೆ ಇಡ್ಬೇಕು. ಬಿಚ್ಚೋದ್ರಲ್ಲಿ ಇದಕ್ಕೂ ಮಾಮೂಲಿಗೂ ಏನೂ ವ್ಯತ್ಯಾಸ ಇಲ್ಲ. ದುಡ್ಡು ಉಳಿಸ್ಬೇಕು ಅಂದ್ರೆ ನಮ್ಮನ್ನ ಕರೀಬೇಡಿ, ಸೆರಗನ್ನ ಮಾತ್ರ ನೆರಿಗೆ ಹಿಡಿದು ಇಟ್ಕೊಳ್ಳಿ, ಸೊಂಟದ ನೆರಿಗೆ ಅಲ್ಲೇ ಹಿಡೀರಿ, ಅರ್ಧ ಕಷ್ಟ ಕಮ್ಮಿ ಆಯ್ತು.

ರೆಡಿ ಸೀರೆ ಸ್ಕರ್ಟ್ ಥರ ಏರಿಸಿ ಜಿಪ್ ಹಾಕಿದ್ರೆ ಮುಗೀತು, ಎರಡು ನಿಮಿಷ, ಬಾತ್‌ರೂಮಿಗೂ ಸುಲಭ. ರಿಸೆಪ್ಷನ್‌ಗೆ ಧಾರಾಳವಾಗಿ ತಗೊಳ್ಳಿ. ಆದ್ರೆ ಒಳ್ಳೆ ರೇಷ್ಮೆ ಸೀರೆ ಕತ್ತರಿಸಿ ಹೊಲಿಸ್ತೀನಿ ಅಂದ್ರೆ ನಂಗೆ ಹೊಟ್ಟೆ ಉರಿಯುತ್ತೆ. ನಾಳೆ ಮೈ ಸ್ವಲ್ಪ ಬಂದ್ರೆ ಸೀರೆನೇ ಆಗಲ್ಲ ಅಂತ ಕೂರೋದು, ಸೀರೆಗೆ ಸೈಜ್ ಅನ್ನೋ ಪಿಡುಗು ಇಲ್ದಿರೋದೇ ಅದರ ದೊಡ್ಡತನ ಅಲ್ವಾ.

ಹದಿನೆಂಟು ಮೊಳದ್ದು ಉಡಿಸೋಕೆ ಬರೋ ಅಜ್ಜಿ ಇರ್ಬೇಕು, ಅಷ್ಟೇ ತೊಡಕು. ಲಂಗ ಬೇಡ, ಪಿನ್ ಬೇಡ, ಗಂಟು ಬಿಚ್ಚಿದ್ರೆ ಇಡೀ ಸೀರೆ ಅರ್ಧ ನಿಮಿಷದಲ್ಲಿ ಕೆಳಗೆ, ಒಂದು ಎಳೆ ಕಿತ್ತಿರಲ್ಲ. ಮಧ್ಯದಲ್ಲಿ ಬಾತ್‌ರೂಮು ಅಂದ್ರೆ ಮಾತ್ರ ಪೂರ್ತಿ ಬಿಚ್ಚಿ ಮತ್ತೆ ಉಡಿಸ್ಬೇಕು. ಕೊಡವರ ಸೀರೆನೂ ಒಬ್ರೇ ಉಡೋದು ಕಷ್ಟ, ನೆರಿಗೆ ಬೆನ್ನ ಹಿಂದೆ ಬರುತ್ತಲ್ಲ, ಬಿಚ್ಚೋವಾಗ್ಲೂ ಹಿಂದೆ ಒಬ್ರು ಇದ್ರೇನೇ ಸರಿ.

ಲಂಗದ ವಿಷಯ ಎಲ್ರೂ ಮರೀತಾರೆ. ಭಾರದ ಸೀರೆಗೆ ಕಾಟನ್ ಲಂಗ, ಲಾಡಿ ಗಂಟು ಹೊಟ್ಟೆ ಮಧ್ಯಕ್ಕಲ್ಲ ಎಡಪಕ್ಕಕ್ಕೆ, ಅದೂ ಒಂದು ತುದಿ ಎಳೆದ್ರೆ ಬಿಚ್ಚೋ ಥರ. ಲಂಗದ ಬದ್ಲು ಹಾಕೋ ಬಿಗಿ ಸ್ಕರ್ಟು, ಸೀರೆ ಶೇಪ್‌ವೇರ್ ಅಂತ ಬಂದಿದೆಯಲ್ಲ, ಫೋಟೋಲಿ ಚೆನ್ನಾಗಿ ಕಾಣುತ್ತೆ ನಿಜ, ಆದ್ರೆ ಕಾಲಿಗೆ ಅಂಟ್ಕೊಂಡಿರುತ್ತೆ, ಬಾತ್‌ರೂಮಲ್ಲಿ ಅದನ್ನ ಮೇಲೆತ್ತೋಕೆ ಹೋಗಿ ನೆರಿಗೆನೆಲ್ಲ ಹೊರಗೆ ಕಿತ್ಕೊಂಡು ಬರ್ತಾರೆ. ರಿಸೆಪ್ಷನ್‌ಗೆ ಓಕೆ, ಹೋಮದ ಮುಂದೆ ಚಕ್ಕಳಮಕ್ಕಳ ಹಾಕಿ ಕೂರೋ ಮದುವೆಗೆ ಬೇಡವೇ ಬೇಡ.

ಬ್ಲೌಸಲ್ಲಿ ತಪ್ಪು ಆಯ್ಕೆ ಮಾಡಿದ್ರೆ ಸೀರೆ ಎಷ್ಟು ಚೆನ್ನಾಗಿದ್ರೂ ಅಷ್ಟೇ

ಮುಂದೆ ಹುಕ್ಕು, ಹಿಂದೆ ಹುಕ್ಕು, ಸೈಡ್ ಜಿಪ್ಪು. ಮುಂದೆ ಹುಕ್ಕಿದ್ರೆ ಮದುಮಗಳೇ ಬಿಚ್ಕೋಬಹುದು, ಯಾರನ್ನೂ ಕಾಯ್ಬೇಕಾಗಿಲ್ಲ, ನನ್ನ ಓಟು ಇದಕ್ಕೇ. ಹಿಂದೆ ಹುಕ್ಕಿದ್ರೆ ಆರಿ ವರ್ಕ್, ಅಂದ್ರೆ ಕೊಕ್ಕೆ ಸೂಜಿಯ ಕಸೂತಿ, ಮುಂದೆ ಪೂರ್ತಿ ಬರುತ್ತೆ, ಚಂದ, ಮೇಕಪ್‌ಗೂ ತೊಂದ್ರೆ ಇಲ್ಲ ಯಾಕಂದ್ರೆ ತೋಳು ಮುಂದಿಂದ ತೂರಿಸ್ಬಹುದು, ಆದ್ರೆ ಬೆನ್ನ ಮೇಲೆ ಮೊಗ್ಗಿನ ಜಡೆ ಇಳಿಬಿಟ್ಟಿರ್ತಾರಲ್ಲ, ಅದನ್ನ ಒಬ್ರು ಎತ್ತಿ ಹಿಡ್ಕೊಂಡು ಇನ್ನೊಬ್ರು ಹುಕ್ಕು ಬಿಚ್ಬೇಕು. ಸೈಡ್ ಜಿಪ್ ಬ್ಲೌಸು ತಲೆ ಮೇಲಿಂದ ಬರೋದು, ಅಂದ್ರೆ ಮೇಕಪ್ಪಿಗೂ ಮುಂಚೆ, ತಲೆ ಬಾಚೋಕೂ ಮುಂಚೆ ಹಾಕ್ಕೊಂಡಿರ್ಬೇಕು. ಬೈತಲೆ ಬೊಟ್ಟು, ಜಡೆ ಬಿಲ್ಲೆ, ಹೂವು ಎಲ್ಲ ಆದ್ಮೇಲೆ ಹಾಕ್ಕೊಳೋಕೆ ಹೋದ್ರೆ ತಲೆನೂ ಹೋಯ್ತು ಬ್ಲೌಸೂ ಹೋಯ್ತು.

ಟೈಲರ್ ಹತ್ರ ಒಳಗೆ ಎರಡೂ ಪಕ್ಕ ಒಂದೊಂದು ಇಂಚಾದ್ರೂ ಬಟ್ಟೆ ಬಿಡಿಸಿ. ಕೊನೆ ಟ್ರಯಲ್ ಮಾಡೋವಾಗ ಎರಡೂ ಕೈ ಮೇಲೆತ್ತಿ ನೋಡಿ, ಹಾರ ಹಾಕೋವಾಗ ಹಾಗೇ ಎತ್ಬೇಕಲ್ಲ, ಹುಡುಗನ ಕಡೆಯೋರು ಅವನನ್ನ ಹೆಗಲ ಮೇಲೆ ಹೊತ್ಕೊಂಡು ಎತ್ತರ ಮಾಡ್ತಾರೆ ಬೇರೆ. ಕಂಕುಳಲ್ಲಿ ಪರ್ ಅಂತ ಹರಿದಿರೋದು ಅಲ್ಲೇ.

ಹೋಮ ಇದ್ಯಾ, ಹಾಗಾದ್ರೆ ಬಟ್ಟೆ ಯಾವುದು ಅಂತ ನೋಡಿ

ಇದು ಚಂದದ ಪ್ರಶ್ನೆ ಅಲ್ಲ, ಮೈ ಸುಡೋ ಪ್ರಶ್ನೆ. ರೇಷ್ಮೆಗೆ ಕಿಡಿ ತಾಗಿದ್ರೆ ಕೂದಲು ಸುಟ್ಟ ವಾಸನೆ ಬಂದು ಅಷ್ಟು ಜಾಗ ಕಪ್ಪಾಗಿ ಪುಡಿಯಾಗುತ್ತೆ, ಬೇಗ ಹಬ್ಬಲ್ಲ. ಪಾಲಿಯೆಸ್ಟರು, ನೆಟ್ಟು, ಲೆಹೆಂಗಾ ಉಬ್ಬಿ ನಿಲ್ಲೋಕೆ ಒಳಗೆ ಕೊಡೋ ಗಟ್ಟಿ ನೆಟ್ಟು ಕ್ಯಾನ್‌ಕ್ಯಾನು ಹಾಗಲ್ಲ, ಕರಗಿ ಮೈಗೆ ಅಂಟುತ್ತೆ, ಕಿತ್ತು ಬಿಸಾಕೋಣ ಅಂದ್ರೂ ಜಿಪ್ಪು. ಲಾಜಾಹೋಮದಲ್ಲಿ ಅಣ್ಣನೋ ತಮ್ಮನೋ ಕೈಗೆ ಅರಳು ಹಾಕ್ತಾನೆ, ಹೆಣ್ಣು ಬಗ್ಗಿ ಬೆಂಕಿಗೆ ಹಾಕ್ಬೇಕು, ಆಗ ಘೇರು ಎಲ್ಲಿದೆ ಅಂತ ಯಾರು ನೋಡ್ತಾರೆ. ಅದಕ್ಕೇ ಮುಹೂರ್ತಕ್ಕೆ ರೇಷ್ಮೆ ಸೀರೆ, ರಿಸೆಪ್ಷನ್‌ಗೆ ಲೆಹೆಂಗಾ ಅನ್ನೋದು ನನ್ನ ಮಾತು, ಇದರಲ್ಲಿ ಚೌಕಾಸಿ ಇಲ್ಲ.

ಲೆಹೆಂಗಾ, ಗೌನು

ತುಂಬಾ ವರ್ಕ್ ಇರೋ ಲೆಹೆಂಗಾ ಎಂಟು ಹತ್ತು ಕೆಜಿ ಬರೋದೂ ಇದೆ, ಅಷ್ಟೂ ಭಾರ ಸೊಂಟದ ಒಂದು ಪಟ್ಟಿ ಮೇಲೆ. ಅಂಗಡೀಲಿ ಮೊದ್ಲು ಸೊಂಟ ನೋಡಿ. ಜಿಪ್ಪಿನ ಜೊತೆ ಮೇಲ್ಗಡೆ ಗಟ್ಟಿ ಹುಕ್ಕು, ಅದರ ಜೊತೆ ಲಾಡಿ, ಮೂರೂ ಇದ್ರೆ ಮಾತ್ರ ತಗೊಳ್ಳಿ, ಬರೀ ಜಿಪ್ಪಿದ್ರೆ ಟೈಲರ್ ಹತ್ರ ಲಾಡಿ ಹಾಕ್ಸಿ. ಜಿಪ್ಪಿನ ಒಳಗಡೆ ನೆಟ್ ಬಿಡಿಬಿಡಿಯಾಗಿ ತೂಗ್ತಿದ್ರೆ ಅದೇ ನಮ್ಮ ಮನೇಲಿ ಆದ ಕಥೆ, ಅದನ್ನ ಒಂದು ಪಟ್ಟಿ ಬಟ್ಟೆ ಕೊಟ್ಟು ಒಳಗೆ ಮಡಿಸಿ ಹೊಲಿಸ್ಬಿಡಿ, ಅರ್ಧ ಗಂಟೆ ಕೆಲಸ.

ಹಾಕೋದು ಕಾಲಿಂದಾನೇ. ನೆಲಕ್ಕೆ ಒಗೆದ ಬೆಡ್‌ಶೀಟ್ ಹಾಸಿ, ಲೆಹೆಂಗಾನ ಅದರ ಮೇಲೆ ರಿಂಗಿನ ಥರ ಕೂರಿಸಿ, ಮಧ್ಯದಲ್ಲಿ ಕಾಲಿಡೋಷ್ಟು ಜಾಗ ಮಾಡಿ, ಇಬ್ರ ಹೆಗಲು ಹಿಡ್ಕೊಂಡು ಒಳಗೆ ಹೆಜ್ಜೆ ಇಡ್ಬೇಕು, ಆಮೇಲೆ ಇಬ್ರೂ ಒಟ್ಟಿಗೆ ಎತ್ಬೇಕು. ಬರಿಗಾಲು, ಗೆಜ್ಜೆನೂ ಇರ್ಬಾರ್ದು. ಹೀಲ್ಸ್ ಹಾಕ್ಕೊಂಡು ಕಾಲಿಟ್ರೆ ಲೈನಿಂಗಲ್ಲಿ ತೂತು ಗ್ಯಾರಂಟಿ. ಚಪ್ಪಲಿ ಆಮೇಲೆ ಯಾರಾದ್ರೂ ಕೂತು ಹಾಕ್ಲಿ, ತಂಗೀರು ಇರೋದು ಯಾಕೆ ಮತ್ತೆ. ಬಿಚ್ಚೋವಾಗ್ಲೂ ಅದೇ ಬೆಡ್‌ಶೀಟು, ಅದೇ ರಿಂಗು, ತಲೆ ಮೇಲಿಂದ ಮಾತ್ರ ಎಳೀಬೇಡಿ, ಮಣಿ ಎಲ್ಲ ಕೂದಲಿಗೆ ಸಿಕ್ಕಾಕೊಳತ್ತೆ.

ಗೌನು ನಮ್ಮ ಕಡೆ ರಿಸೆಪ್ಷನ್‌ಗೆ ಈಚೀಚೆಗೆ ಬಂದಿದ್ದು, ಮಂಗಳೂರಿನ ಕ್ಯಾಥೋಲಿಕ್ ಮದುವೆಗಳಲ್ಲಿ ಚರ್ಚಿಗೆ ಬಿಳಿ ಗೌನು ಹಾಕೋದು ಮಾಮೂಲು, ಅಲ್ಲಿ ನನ್ನ ಫ್ರೆಂಡ್ ಮದುವೆಗೆ ಹೋದಾಗ ಅವಳ ಆಂಟಿ ಹತ್ರ ಒಂದು ಉಪಾಯ ಕಲಿತೆ. ಬೆನ್ನುದ್ದಕ್ಕೂ ಬಟಾಣಿ ಕಾಳಿನಷ್ಟು ಬಟ್ಟೆ ಗುಂಡಿಗಳು, ಗುಂಡಿಗೊಂದು ದಾರದ ಕುಣಿಕೆ, ಬೆರಳಲ್ಲಿ ಹಾಕೋಕೆ ಹೋದ್ರೆ ಉಗುರು ಕಿತ್ತು ಬರುತ್ತೆ. ಆಂಟಿ ಬ್ಯಾಗಿಂದ ಕ್ರೋಶ ಕಡ್ಡಿ ತೆಗೆದು, ಕುಣಿಕೆಯೊಳಗೆ ಕಡ್ಡಿ ತೂರಿಸಿ, ಗುಂಡಿಯ ಕುತ್ತಿಗೆ ಹಿಡಿದು ಹಿಂದಕ್ಕೆಳೆದ್ರೆ ಟಕ್ ಅಂತ ಕೂತ್ಕೋತು, ಟಕ್ ಟಕ್ ಟಕ್ ಅಂತ ಮೂವತ್ತೋ ನಲವತ್ತೋ ಗುಂಡಿ ಹತ್ತು ನಿಮಿಷದಲ್ಲಿ ಮುಗಿಸಿದ್ರು. ಬಿಚ್ಚೋಕೂ ಅದೇ ಕಡ್ಡಿ.

ಗೌನಲ್ಲಿ ಜಿಪ್ಪು ಬೇಕಾ, ಹಿಂದೆ ದಾರ ಕಟ್ಟೋದು ಬೇಕಾ ಅಂದ್ರೆ ನಾನು ದಾರ ಅಂತೀನಿ. ಮದುವೆ ಟೈಮಲ್ಲಿ ಮೈ ಒಂದಿಂಚು ಹೆಚ್ಚು ಕಮ್ಮಿ ಆದ್ರೂ ಸರಿಹೋಗುತ್ತೆ, ಊಟ ಆದ್ಮೇಲೆ ಸಡಿಲ ಮಾಡ್ಬಹುದು, ಕೆಟ್ರೆ ಬೇರೆ ದಾರ ಪೋಣಿಸಿದ್ರೆ ಆಯ್ತು. ಆದ್ರೆ ಇಬ್ರು ಬೇಕು, ಹದಿನೈದು ನಿಮಿಷ ಬೇಕು. ಜಿಪ್ಪಾದ್ರೆ ಒಬ್ರು ಸಾಕು, ಆದ್ರೆ ಕಾಣದ ಥರ ಹೊಲಿದಿರೋ ಸಣ್ಣ ಜಿಪ್ಪು ಬಿಗಿ ಬಟ್ಟೇಲಿ ಬೇಗ ಕೈ ಕೊಡುತ್ತೆ, ಎಳೆಯೋವಾಗ ಜಿಪ್ಪಿನ ಮೇಲೂ ಕೆಳಗೂ ಬಟ್ಟೆನ ಹತ್ತಿರಕ್ಕೆ ಹಿಡಿದಿರ್ಬೇಕು, ಬರೀ ಹಿಡಿ ಹಿಡಿದು ಜಗ್ಗಬಾರದು. ಪೆನ್ಸಿಲ್ ಸೀಸ ಬಿಳಿ ಗೌನಿಗೆ ಬೇಡ, ಕಪ್ಪಾಗುತ್ತೆ, ಮೇಣದ ಬತ್ತಿ ಉಜ್ಜಿ. ಕೆಲವು ಗೌನು ತಲೆ ಮೇಲಿಂದಾನೇ ಹಾಕೋದು, ಅಂಥದ್ದಾದ್ರೆ ಮುಖದ ಮೇಲೆ ತೆಳು ಶಿಫಾನ್ ದುಪ್ಪಟ್ಟಾ ಇಳಿಬಿಟ್ಕೊಂಡು ಹಾಕ್ಕೊಳ್ಳಿ, ಲಿಪ್‌ಸ್ಟಿಕ್ಕೂ ಉಳಿಯುತ್ತೆ ಗೌನೂ ಉಳಿಯುತ್ತೆ.

ಪಿನ್ನು, ಒಡವೆ, ಸೆಂಟು

ಪಿನ್ನಿಗೆ ಒಂದು ಸಣ್ಣ ಮುತ್ತು ಇಲ್ಲ ಮಣಿ ಪೋಣಿಸಿ, ಅದು ಹಿಂದಿನ ಸುರುಳಿ ಹತ್ರ ಹೋಗಿ ಕೂರುತ್ತೆ, ಆಗ ಸೀರೆ ಎಳೆ ಸುರುಳಿಯೊಳಗೆ ಸಿಕ್ಕಾಕೊಳಲ್ಲ. ಸೆರಗು ಹರಿಯೋದು ಮುಕ್ಕಾಲು ಪಾಲು ಆ ಸುರುಳಿಯಿಂದ್ಲೇ. ಜರಿಗೆ ಚುಚ್ಚಬೇಡಿ, ರೇಷ್ಮೆ ಭಾಗಕ್ಕೆ ಚುಚ್ಚಿ. ಹಳೇ ಡಬ್ಬಿಯ ತುಕ್ಕು ಪಿನ್ ಬೇಡ, ಹೊಸ ಪ್ಯಾಕೆಟ್ ಹತ್ತು ಇಪ್ಪತ್ತು ರೂಪಾಯಿ, ಸಾವಿರಗಟ್ಟಲೆ ಸೀರೆಗೆ ಅಷ್ಟು ಖರ್ಚು ಮಾಡಿ ಪರವಾಗಿಲ್ಲ.

ಡಿಯೋಡರೆಂಟು, ಸೆಂಟು, ಹೇರ್ ಸ್ಪ್ರೇ ಎಲ್ಲ ಸೀರೆಗೂ ಮುಂಚೆ, ಮೈ ಮೇಲೆ ಒಣಗಿದ್ಮೇಲೆ ಬಟ್ಟೆ. ಅಸಲಿ ಜರಿ ಅಂದ್ರೆ ಬೆಳ್ಳಿ, ಮೈಸೂರು ಸಿಲ್ಕ್ ಜರೀಲಿ 65 ಪರ್ಸೆಂಟ್ ಬೆಳ್ಳಿ, ಮೇಲೆ 0.65 ಪರ್ಸೆಂಟ್ ಚಿನ್ನ, ಅಷ್ಟೇ ತೆಳು ಚಿನ್ನದ ಹೊದಿಕೆ. ಸೆಂಟು ಬೆವರು ತಾಗಿದ್ರೆ ಒಳಗಿನ ಬೆಳ್ಳಿ ದೇವರ ದೀಪದ ಥರಾನೇ ಕಪ್ಪಾಗುತ್ತೆ, ದೀಪನ ಹುಣಸೆಹಣ್ಣು ಹಾಕಿ ಉಜ್ಜಬಹುದು, ಸೆರಗನ್ನ ಉಜ್ಜೋಕಾಗುತ್ತಾ?

ಬಿಚ್ಚೋವಾಗ ಮೊದ್ಲು ಒಡವೆ. ವಂಕಿ, ಡಾಬು, ಉದ್ದ ಸರ, ಬಳೆ, ಈ ಥರ ಕೊಕ್ಕೆ ಇರೋದೆಲ್ಲ ಹೋಗ್ಬೇಕು, ಆಮೇಲೇ ಪಿನ್ನಿಗೆ ಕೈ ಹಾಕಿ. ಡಾಬು ಬಿಚ್ಚದೆ ಸೆರಗು ಎಳೆದು ಅಂಚಿನ ಜರಿ ಮೊಳದುದ್ದ ಕಿತ್ತು ಬಂದಿದ್ದನ್ನ ನಾನೇ ಕೈಯಾರೆ ಮಾಡಿದೀನಿ, ನಮ್ಮಕ್ಕನ ಸೀರೆ ಅದು, ಇವತ್ತಿಗೂ ಹಬ್ಬಕ್ಕೆ ಉಟ್ಟಾಗೆಲ್ಲ ಆ ಜಾಗ ನನ್ನ ಕಡೆ ತಿರುಗಿಸಿ ತೋರಿಸ್ತಾಳೆ. ಕಾಲುಂಗುರ ಇನ್ನೊಂದು ಕಳ್ಳ. ಮುಹೂರ್ತದಲ್ಲಿ ಹೊಸದಾಗಿ ಹಾಕಿರ್ತಾರೆ, ಅಭ್ಯಾಸ ಇರಲ್ಲ, ಸೀರೆ ಕೆಳಗೆ ಬಿದ್ದಿರೋವಾಗ ಕಾಲು ಎತ್ತಿದ್ರೆ ಅಂಚಿಗೆ ಕೊಕ್ಕೆ ಹಾಕುತ್ತೆ. ಅದನ್ನ ತೆಗೀರಿ ಅಂತ ಹೇಳೋ ಹಾಗಿಲ್ಲ, ಕಾಲಿಗೆ ಕಾಟನ್ ಸಾಕ್ಸ್ ಹಾಕಿ ಬಿಚ್ಚಿ, ನಗ್ತಾರೆ, ನಗ್ಲಿ.

ಪಿನ್ನು ಹೆಗಲಿಂದ ಕೆಳಕ್ಕೆ, ಒಂದೊಂದಾಗಿ, ಬಿಚ್ಚಿದ್ದನ್ನ ಬಾಯಲ್ಲಿ ಕಚ್ಕೋಬೇಡಿ, ಡಬ್ಬಿಗೆ ಹಾಕಿ. ಹಾಕೋವಾಗ್ಲೇ ಎಷ್ಟು ಅಂತ ಎಣಿಸಿ ಫೋನಲ್ಲಿ ಬರ್ಕೊಂಡಿರಿ.

ಧಾರೆ ಮುಗಿದ ಸೀರೆ ಮೇಲೆ ಏನೇನೆಲ್ಲ ಇರುತ್ತೆ ನೋಡಿ, ಧಾರೆ ಎರೆದ ಹಾಲು, ಜೀರಿಗೆ ಬೆಲ್ಲ, ಅರಿಶಿನದ ಅಕ್ಷತೆ, ಕುಂಕುಮ, ಒಂದೆರಡು ಹನಿ ತುಪ್ಪ. ಜೀರಿಗೆ ಬೆಲ್ಲ ಬ್ಲೌಸೊಳಗೆ ಇಳಿದಿರುತ್ತೆ, ಇರುವೆ ಹುಡುಕ್ಕೊಂಡು ಬರುತ್ತೆ. ಕುಂಕುಮಾನ ಒರೆಸ್ಬೇಡಿ, ಒದ್ದೆ ಬಟ್ಟೆ ಮುಟ್ಟಿಸ್ಬೇಡಿ, ಸೀರೆ ಎತ್ತಿ ಕೊಡವಿ, ಉಳಿದಿದ್ದನ್ನ ಒಣ ಮೆತ್ತನೆ ಬ್ರಷ್ಷಲ್ಲಿ ತಳ್ಳಿ. ಅರಿಶಿನದ ಕಲೆಗೆ ಅಮ್ಮಂದಿರು ತಕ್ಷಣ ಸೋಪು ಹಚ್ತಾರೆ, ಅದು ಕೆಂಪಾಗುತ್ತೆ, ಅರಿಶಿನ ಸುಣ್ಣ ಸೇರಿಸಿದ್ರೆ ಓಕುಳಿ ಕೆಂಪಾಗಲ್ವಾ, ಅದೇ ಆಗೋದು ಇಲ್ಲೂ. ಹಾಗೇ ಬಿಟ್ಟು ಒಳ್ಳೆ ಡ್ರೈ ಕ್ಲೀನಿಂಗ್‌ನೋರಿಗೆ ಕೊಡಿ, ಯಾವ ಕಲೆ ಎಲ್ಲಿದೆ ಅಂತ ಬಾಯ್ಬಿಟ್ಟು ಹೇಳಿ. ಹಾಲಿನ ಕಲೆ ಮೊದ್ಲು ಕಾಣಲ್ಲ, ತಿಂಗಳಾದ್ಮೇಲೆ ಹಳದಿ ಬರುತ್ತೆ, ಅದನ್ನೂ ಹೇಳಿ.

ಕೊಡೋಕೂ ಮುಂಚೆ ಒಂದು ರಾತ್ರಿ ಫ್ಯಾನ್ ಕೆಳಗೆ ನೆರಳಲ್ಲಿ ಹರವಿ ಬೆವರು ಆರ್ಲಿ. ಬಿಚ್ಚಿದ ಬಿಸಿಗೇ ಅಂಗಡಿಯ ಪ್ಲಾಸ್ಟಿಕ್ ಕವರಿಗೆ ತುರುಕಿ ಸೂಟ್‌ಕೇಸಲ್ಲಿಟ್ಟು ಗಂಡನ ಮನೆಗೆ ಕಳಿಸ್ತಾರಲ್ಲ, ಅಲ್ಲೇ ಜರಿ ಕಪ್ಪಾಗೋದು ಶುರು. ಹಳೇ ಕಾಟನ್ ಪಂಚೇಲಿ ಸುತ್ತಿಡಿ, ಮೂರ್ನಾಲ್ಕು ತಿಂಗಳಿಗೊಂದ್ಸಲ ಮಡಿಕೆ ಬದಲಾಯಿಸಿ, ನುಸಿಗುಳಿಗೆ ಜರಿಗೆ ತಾಗ್ಬಾರ್ದು.

ಚಿಕ್ಕಪ್ಪನ ಮಗಳು ಆ ಲೆಹೆಂಗಾನ ಈ ಸಲ ಅವಳ ನಾದಿನಿ ಮದುವೆಗೆ ಹಾಕ್ತಾಳಂತೆ. ಹೋದ ಭಾನುವಾರ ನಮ್ಮನೆಗೆ ತಂದಿದ್ಲು, ಜಿಪ್ಪು ಕಿತ್ತು ಹೊಸದು ಹಾಕ್ಸಿದ್ವಿ, ಒಳಗೆ ಪಟ್ಟಿ ಕೊಟ್ಟು ನೆಟ್ ಮಡಿಸಿ ಹೊಲಿಸಿದ್ವಿ, ಪಕ್ಕದಲ್ಲಿ ಲಾಡಿನೂ ಬಂತು. ಹಾಕಿ ಬಿಚ್ಚಿ ಹಾಕಿ ಬಿಚ್ಚಿ ಐದು ಸಲ ನೋಡಿದ್ಲು, ಆಮೇಲೆ ಪೆನ್ಸಿಲ್ ಒಂದು ಇರ್ಲಿ ಅಂತ ನನ್ನ ಮಗನ ಕಂಪಾಸ್ ಬಾಕ್ಸಿಂದ ಎತ್ಕೊಂಡು ಹೋದ್ಲು.